ಕಣ್ಣು 6/6 ಇದ್ದರೂ ಮಗುವಿಗೆ ಬೇರೆ ಥರ ಕಾಣುವುದು ಯಾಕೆ?

ಶಾಲೆಗೆ ಬಂದ ಆರೋಗ್ಯ ತಂಡದವರು ಮಕ್ಕಳ ಕಣ್ಣು ನೋಡುತ್ತಾರೆ. ಗೋಡೆಗೆ ತೂಗುಹಾಕಿದ ಚಾರ್ಟನ್ನು ಹುಡುಗನೊಬ್ಬ ಕೊನೆಯ ಸಾಲಿನವರೆಗೂ ಸಲೀಸಾಗಿ ಓದುತ್ತಾನೆ. 6/6 ಅಂತ ಬರೆದು ಕಳಿಸುತ್ತಾರೆ. ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಅದೇ ಹುಡುಗ ಪಾಠದ ಪುಟದ ಮುಂದೆ ಕೂತು "ಅಕ್ಷರ ನಿಲ್ತಾ ಇಲ್ಲ" ಅನ್ನುತ್ತಾನೆ. ಅಮ್ಮ ಸುಮ್ನೆ ಕೂತಿದ್ದರೂ "ಯಾಕಮ್ಮ ಸಿಟ್ಟು?" ಅಂತ ಕೇಳುತ್ತಾನೆ. ಸಂಜೆ ತೋಟದ ದಾರಿಯಲ್ಲಿ ನಡೆಯಲು ಹೆದರುತ್ತಾನೆ. ಕೇಳಿದರೆ "ಎಲ್ಲ ಬೇರೆ ಥರ ಕಾಣುತ್ತೆ" ಅನ್ನುತ್ತಾನೆ. ಅದಕ್ಕಿಂತ ಜಾಸ್ತಿ ಹೇಳಲು ಅವನಿಗೆ ಮಾತು ಸಿಗುವುದಿಲ್ಲ.

ಇಂಥ ತೊಂದರೆಗೆ ಕಾರಣ ಹಲವು. ಅವುಗಳಲ್ಲಿ ತೀರಾ ಅಪರೂಪದ್ದು, ಆದರೆ ಗೊತ್ತಾಗದೆ ಹೋದರೆ ಮಗುವಿನ ಹಲವು ವರ್ಷ ತಿಂದುಹಾಕುವಂಥದ್ದು ಒಂದಿದೆ. ಅದು ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ.

ಈ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. 18 ವರ್ಷದೊಳಗೆ ಕಾಣಿಸಿಕೊಳ್ಳುವುದು ಕಡಿಮೆ. 13 ವರ್ಷಕ್ಕೂ ಮುಂಚೆ ಶುರುವಾಗುವುದಂತೂ ಬಹಳ ವಿರಳ, ಹತ್ತಾರು ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಬಂದರೆ ಬಂತು. ಹಾಗಾಗಿ ಇದನ್ನು ಓದಿ ನಿಮ್ಮ ಮನೆಯ ಮಗುವಿಗೆ ಈ ಹೆಸರು ಅಂಟಿಸಬೇಡಿ. ಕಾಯಿಲೆ ಹೌದೋ ಅಲ್ಲವೋ ಅನ್ನುವುದನ್ನು ವೈದ್ಯರು ತಿಂಗಳುಗಟ್ಟಲೆ ಗಮನಿಸಿ ಹೇಳುತ್ತಾರೆ.

ಸ್ಕಿಜೋಫ್ರೇನಿಯಾ ಅಂದ ಕೂಡಲೇ ಕಿವಿಯಲ್ಲಿ ಯಾರೋ ಮಾತಾಡುವುದು, ಎಲ್ಲರ ಮೇಲೂ ಅನುಮಾನ, ಒಬ್ಬರೇ ಗೊಣಗುವುದು, ಇವು ನೆನಪಿಗೆ ಬರುತ್ತವೆ. ನೋಟದ ತೊಂದರೆ ಯಾರಿಗೂ ಹೊಳೆಯುವುದಿಲ್ಲ. ಆದರೆ ಈ ಕಾಯಿಲೆ ಇರುವವರು ಲೋಕವನ್ನು ನೋಡುವ ಬಗೆಯಲ್ಲೇ ವ್ಯತ್ಯಾಸ ಇರುತ್ತದೆ ಅನ್ನುವುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮಗುವಿನ ಪಾಲಿಗೆ ಇದು ಸಣ್ಣ ವಿಷಯ ಅಲ್ಲ. ಓದು, ಆಟ, ರಸ್ತೆ ದಾಟುವುದು, ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು, ಎಲ್ಲಕ್ಕೂ ನೋಟವೇ ಬೇಕಲ್ವಾ?

ಮೊದಲು, ನಮಗೆ ಕಾಣುವುದು ಹೇಗೆ ಅನ್ನುವುದನ್ನು ನೋಡೋಣ. ಕಣ್ಣಿನ ಹಿಂಭಾಗದ ರೆಟಿನಾದ ಮೇಲೆ ಬೆಳಕು ಬೀಳುತ್ತದೆ. ಅಲ್ಲಿಂದ ನರದ ಮೂಲಕ ಸಂಕೇತಗಳು ಮಿದುಳಿಗೆ ಹೋಗುತ್ತವೆ. ಅಲ್ಲಿಗೆ ಕಣ್ಣಿನ ಕೆಲಸ ಮುಗಿಯಿತು. ಇದು ಗೆರೆ, ಇದು ಬಣ್ಣ, ಇದು ಹತ್ತಿರ, ಇದು ದೂರ, ಇದು ಅಲುಗಾಡುತ್ತಿದೆ, ಇದು ಅಜ್ಜಿಯ ಮುಖ ಅಂತೆಲ್ಲ ಬಿಡಿಸಿ ಜೋಡಿಸುವುದು ಮಿದುಳು. ಅದರಲ್ಲೂ ತಲೆಯ ಹಿಂಭಾಗದಲ್ಲಿರುವ ದೃಷ್ಟಿಯ ಭಾಗ. ಚಾರ್ಟ್ ಪರೀಕ್ಷೆ ನೋಡುವುದು ಮುಖ್ಯವಾಗಿ ಅಕ್ಷರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅನ್ನುವುದನ್ನು. ಜೋಡಿಸುವ ಕೆಲಸ ಸರಿಯಾಗಿ ನಡೆಯುತ್ತಿದೆಯಾ ಅನ್ನುವುದನ್ನು ಅದು ಹೇಳುವುದಿಲ್ಲ. 6/6 ಬಂದ ಮಗುವಿಗೂ ತೊಂದರೆ ಇರಬಹುದು ಅನ್ನುವುದು ಇದೇ ಕಾರಣಕ್ಕೆ. ಆ ತೊಂದರೆಗೆ ಕನ್ನಡಕ ಕೆಲಸ ಮಾಡುವುದಿಲ್ಲ.

ಮಿದುಳು ಬರೀ ಬಂದದ್ದನ್ನು ಜೋಡಿಸುತ್ತಾ ಕೂರುವುದೂ ಇಲ್ಲ. ಮುಂಚೆಯೇ ಊಹೆ ಮಾಡಿಕೊಂಡಿರುತ್ತದೆ. ಮಳೆಗಾಲದ ಸಂಜೆ ಅಡಿಕೆ ತೋಟದಲ್ಲಿ ನಡೆಯುವಾಗ ಕಾಲ ಬಳಿ ಕಪ್ಪಗೆ ಉದ್ದಕ್ಕೆ ಏನೋ ಬಿದ್ದಿರುತ್ತದೆ. ಎದೆ ಧಸಕ್ಕೆನ್ನುತ್ತದೆ, ಕಾಲು ತಾನಾಗಿ ಹಿಂದೆ ಬರುತ್ತದೆ. ಆಮೇಲೆ ನೋಡಿದರೆ ನೀರಿನ ಪೈಪು. ಮಲೆನಾಡಿನಲ್ಲಿ ಬೆಳೆದ ಎಲ್ಲರಿಗೂ ಇದು ಆಗಿದೆ. ಕಣ್ಣು ಕಳಿಸಿದ್ದು ಮಸುಕಾದ ಒಂದು ಗೆರೆ ಅಷ್ಟೇ. ಹಾವು ಅಂದದ್ದು ಮಿದುಳು. ಮರುಕ್ಷಣ ಇನ್ನಷ್ಟು ವಿವರ ಬಂದ ಮೇಲೆ ಊಹೆಯನ್ನು ತಿದ್ದಿಕೊಂಡದ್ದೂ ಮಿದುಳೇ. ಕಣ್ಣಿನಿಂದ ಬರುವ ಸುದ್ದಿ ಮತ್ತು ನೆನಪಿನಿಂದ ಬರುವ ಊಹೆ, ಇವೆರಡೂ ಸರಿಯಾದ ಪ್ರಮಾಣದಲ್ಲಿ ಸೇರಿದರೆ ನಮಗೆ ಲೋಕ ಗಟ್ಟಿಯಾಗಿ, ನಂಬುವ ಹಾಗೆ ಕಾಣುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಈ ಪ್ರಮಾಣವೇ ಏರುಪೇರಾಗುತ್ತದೆ ಅಂತ ಹಲವು ಸಂಶೋಧಕರು ಭಾವಿಸಿದ್ದಾರೆ.

ಇದನ್ನು ತೋರಿಸುವ ಒಂದು ಪ್ರಯೋಗವನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಸಾಗರದ ಮಾರಿಕಾಂಬಾ ಜಾತ್ರೆಯಂಥ ಕಡೆ ಮಕ್ಕಳಿಗೆ ಮಾರುವ ಪ್ಲಾಸ್ಟಿಕ್ ಮುಖವಾಡ ಇದೆಯಲ್ಲ, ಅದನ್ನು ತಿರುಗಿಸಿ. ಒಳಗಿನ ತಗ್ಗು ನಿಮ್ಮ ಕಡೆ ಇರಲಿ. ಐದಾರು ಹೆಜ್ಜೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ತಗ್ಗಾಗಿರುವ ಮೂಗು ಉಬ್ಬಿ ಹೊರಗೆ ಬಂದ ಹಾಗೆ ಕಾಣುತ್ತದೆ. ಒಳಭಾಗ ಅಂತ ಗೊತ್ತಿದ್ದರೂ ಹಾಗೇ ಕಾಣುತ್ತದೆ. ಹುಟ್ಟಿದಾಗಿನಿಂದ ನಾವು ನೋಡಿದ್ದೆಲ್ಲ ಉಬ್ಬಿದ ಮುಖಗಳೇ. ಹಾಗಾಗಿ ಮಿದುಳು ಕಣ್ಣಿನ ಮಾತನ್ನು ತಳ್ಳಿಹಾಕಿ ತನ್ನ ಅಭ್ಯಾಸದ ಮಾತನ್ನೇ ನಂಬುತ್ತದೆ. ಸ್ಕಿಜೋಫ್ರೇನಿಯಾ ಇರುವ ಅನೇಕರು ಈ ಮೋಸಕ್ಕೆ ಬೀಳುವುದಿಲ್ಲ. ಅವರಿಗೆ ತಗ್ಗು ತಗ್ಗಾಗಿಯೇ ಕಾಣುತ್ತದೆ. ಜರ್ಮನಿಯ ಹ್ಯಾನೋವರ್ ಮತ್ತು ಲಂಡನ್ನಿನ ಸಂಶೋಧಕರು 2009ರಲ್ಲಿ ಇದೇ ಭ್ರಮೆಯನ್ನು ಇಟ್ಟುಕೊಂಡು ಮಿದುಳಿನ ಸ್ಕ್ಯಾನ್ ಮಾಡಿದರು. ಕಾಯಿಲೆ ಇರುವವರಲ್ಲಿ ಊಹೆಯ ಕಡೆಯಿಂದ ಬರುವ ಬಲ ಕಡಿಮೆ ಇತ್ತು. ಕಣ್ಣಿನ ಕಡೆಯಿಂದ ಬರುವುದರ ಮೇಲೆ ಅವರ ಮಿದುಳು ಜಾಸ್ತಿ ನಿಂತಿತ್ತು.

ಮುಖವಾಡದ ವಿಷಯದಲ್ಲಿ ಅವರು ಕಂಡದ್ದೇ ಸರಿ, ನಾವು ಕಂಡದ್ದೇ ತಪ್ಪು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಈ ಮಕ್ಕಳ ಮೇಲಿನ ಗೌರವ ಹೆಚ್ಚುತ್ತದೆ. "ಇಲ್ಲದ್ದನ್ನೆಲ್ಲ ಹೇಳಬೇಡ" ಅಂತ ಗದರುವ ಮೊದಲು ದೊಡ್ಡವರು ಈ ಪ್ರಯೋಗವನ್ನೊಮ್ಮೆ ಮಾಡಿ ನೋಡಬೇಕು ಅನ್ನಿಸುತ್ತದೆ. ಆದರೆ ದಿನನಿತ್ಯದ ಬದುಕಿನಲ್ಲಿ ಊಹೆಯ ಆಸರೆ ಇಲ್ಲದಿದ್ದರೆ ಕಷ್ಟವೇ ಜಾಸ್ತಿ. ದಿನಾ ನೋಡುವ ಅಂಗಳ, ದಿನಾ ಕೂರುವ ಬೆಂಚು ಕೂಡ ಹೊಸದಾಗಿ ಕಂಡರೆ ಮಗು ಸುಸ್ತಾಗದೆ ಇರುತ್ತದಾ?

ಸುತ್ತಮುತ್ತಲಿನದನ್ನು ಹಿಂದೆ ಸರಿಸುವ ಕೆಲಸವೂ ಹೀಗೇ. ನಾವು ಒಂದು ವಸ್ತುವನ್ನು ನೋಡುವಾಗ ಅದರ ಅಕ್ಕಪಕ್ಕದ್ದನ್ನು ಮಿದುಳು ತಾನಾಗಿ ತಗ್ಗಿಸುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಈ ತಗ್ಗಿಸುವಿಕೆ ದುರ್ಬಲ. ಸಂತೆಯಲ್ಲಿ ಎಲ್ಲ ಅಂಗಡಿಯವರೂ ಒಂದೇ ಜೋರಿನಲ್ಲಿ ಕೂಗಿದ ಹಾಗೆ, ಪುಟದ ಮೇಲಿನ ಎಲ್ಲವೂ ಒಟ್ಟಿಗೆ ಕಣ್ಣಿಗೆ ನುಗ್ಗುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ತಿಳಿಯುವುದಿಲ್ಲ.

ಕಣ್ಣಿನಿಂದ ಮಿದುಳಿಗೆ ಹೋಗುವ ದಾರಿಗಳಲ್ಲಿ ಮುಖ್ಯವಾದವು ಎರಡು. ಒಂದು ಬಣ್ಣ ಮತ್ತು ಸೂಕ್ಷ್ಮ ವಿವರ ಹೊತ್ತೊಯ್ಯುತ್ತದೆ. ಇನ್ನೊಂದು ಚಲನೆ, ಮಸುಕು ಬೆಳಕಿನ ವ್ಯತ್ಯಾಸ, ಒಟ್ಟಾರೆ ಆಕಾರ ಇವನ್ನು ಬೇಗ ಮುಟ್ಟಿಸುತ್ತದೆ. ಈ ಎರಡನೆಯದನ್ನು ಮ್ಯಾಗ್ನೋ ದಾರಿ ಅನ್ನುತ್ತಾರೆ. ಅದರಲ್ಲೇ ತೊಂದರೆ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ, ಒಪ್ಪದ ಸಂಶೋಧಕರೂ ಇದ್ದಾರೆ. ಏನೇ ಇರಲಿ, ಮಬ್ಬು ಬೆಳಕಿನಲ್ಲಿ ಮತ್ತು ಚಲಿಸುವ ವಸ್ತುಗಳ ವಿಷಯದಲ್ಲಿ ತೊಡಕು ಇರುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ಆಗುಂಬೆ, ಹೊಸನಗರದ ಕಡೆಯ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದಿರುತ್ತದೆ, ಕರೆಂಟು ಇರುವುದಿಲ್ಲ, ಬೋರ್ಡ್ ಮೇಲಿನ ಸೀಮೆಸುಣ್ಣದ ಗೆರೆ ಮಾಸಿರುತ್ತದೆ. ಎಲ್ಲ ಮಕ್ಕಳಿಗೂ ಕಷ್ಟವೇ. ಈ ತೊಂದರೆ ಇರುವ ಮಗುವಿಗೆ ಅದು ಇನ್ನೂ ಎಷ್ಟೋ ಪಾಲು ಕಷ್ಟ.

ಕಣ್ಣು ಚಲಿಸುವ ರೀತಿಯಲ್ಲೂ ವ್ಯತ್ಯಾಸ ಇರುತ್ತದೆ. ಇದು ಗೊತ್ತಾಗಿ ನೂರು ವರ್ಷದ ಮೇಲಾಯಿತು. 1908ರಲ್ಲಿ ಅಮೆರಿಕದ ಡೀಫೆಂಡಾರ್ಫ್ ಮತ್ತು ಡಾಡ್ಜ್ ಅನ್ನುವವರು ರೋಗಿಗಳ ಕಣ್ಣಿನ ಚಲನೆಯನ್ನು ದಾಖಲಿಸಿದರು. ಆಚೀಚೆ ತೂಗಾಡುವ ವಸ್ತುವನ್ನು ಹಿಂಬಾಲಿಸುವಾಗ ಅವರ ಕಣ್ಣು ನಯವಾಗಿ ಸಾಗುತ್ತಿರಲಿಲ್ಲ, ಹಿಂದೆ ಬಿದ್ದು ಆಮೇಲೆ ಜಿಗಿದು ಹಿಡಿಯುತ್ತಿತ್ತು. ಈ ವಿಷಯ ಹೆಚ್ಚುಕಮ್ಮಿ ಮರೆತೇ ಹೋಗಿತ್ತು. 1973ರಲ್ಲಿ ಫಿಲಿಪ್ ಹೋಲ್ಜ್‌ಮನ್ ಮತ್ತೆ ಎತ್ತಿಕೊಂಡರು. ಆಮೇಲೆ ಚಿಕ್ಕ ವಯಸ್ಸಿನಲ್ಲೇ ಸ್ಕಿಜೋಫ್ರೇನಿಯಾ ಶುರುವಾದ ಮಕ್ಕಳಲ್ಲೂ ಇದೇ ಕಂಡಿತು. ಚೆಂಡು ಹಿಡಿಯಲು ಬರದ ಮಕ್ಕಳೆಲ್ಲ ಹೀಗೆ ಅಂತ ಖಂಡಿತ ಅಲ್ಲ. ಆದರೆ ಚೆನ್ನಾಗಿ ಆಡುತ್ತಿದ್ದ ಮಗು ಕೆಲವು ತಿಂಗಳಲ್ಲಿ ಚೆಂಡು ಕಂಡರೆ ತಲೆ ತಪ್ಪಿಸಿಕೊಳ್ಳತೊಡಗಿದರೆ ಅದನ್ನು ಗಮನಿಸಬೇಕು.

ಮಗುವಿನ ನೋಟ್‌ಬುಕ್ ಇಂಥ ಬದಲಾವಣೆಯನ್ನು ಚೆನ್ನಾಗಿ ತೋರಿಸುತ್ತದೆ. ಕಾಪಿ ಪುಸ್ತಕವನ್ನು ಮೊದಲಿನಿಂದ ತಿರುವಿ ಹಾಕಿ. ಜೂನ್‌ನಲ್ಲಿ ಗೆರೆಯ ಮೇಲೆ ಕೂತಿದ್ದ ಅಕ್ಷರ ಅಕ್ಟೋಬರ್ ಹೊತ್ತಿಗೆ ಮೇಲೆ ಕೆಳಗೆ ಆಗಿರಬಹುದು. ಒತ್ತಕ್ಷರ ಮೇಲಿನ ಅಕ್ಷರದಿಂದ ದೂರ ಸರಿದಿರಬಹುದು. ಬೋರ್ಡಿನಿಂದ ಬರೆದುಕೊಂಡ ಸಾಲಿನಲ್ಲಿ ನಡುವಿನ ಪದಗಳೇ ಮಾಯವಾಗಿರಬಹುದು, ಒಂದೇ ಸಾಲು ಎರಡು ಸಲ ಬಂದಿರಬಹುದು. ವಿಜ್ಞಾನದ ಚಿತ್ರದಲ್ಲಿ ಹೂವಿನ ದಳ, ಕೇಸರ ಎಲ್ಲ ಬಿಡಿಬಿಡಿಯಾಗಿ ಸರಿ ಇದ್ದು, ಒಂದಕ್ಕೊಂದು ಸೇರದೆ ಪುಟದ ತುಂಬ ಚದುರಿರಬಹುದು. ಬಿಡಿ ಭಾಗ ಕಾಣುತ್ತದೆ, ಇಡೀ ಆಕಾರ ಕೂಡುವುದಿಲ್ಲ. ಇದನ್ನು "ಸೋಮಾರಿತನ" ಅಂತ ಕೆಂಪು ಇಂಕಿನಲ್ಲಿ ಬರೆದು ಮುಗಿಸುವುದು ಸುಲಭ. ಅಲ್ಲಿಗೆ ಒಂದು ಒಳ್ಳೆಯ ಸುಳಿವು ಕೈತಪ್ಪಿ ಹೋಯಿತು.

ಮಕ್ಕಳ ಕೈಯಲ್ಲಿ ಆಕಾರ ಬರೆಸಿ ನೋಡುವ ಪದ್ಧತಿಗೆ ಹಳೆಯ ಇತಿಹಾಸ ಇದೆ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯೆಯಾಗಿದ್ದ ಲಾರೆಟ್ಟಾ ಬೆಂಡರ್ 1938ರಲ್ಲಿ ಒಂಬತ್ತು ಚಿತ್ರಗಳ ಪರೀಕ್ಷೆ ಪ್ರಕಟಿಸಿದರು. ಚುಕ್ಕಿಗಳ ಸಾಲು, ಒಂದಕ್ಕೊಂದು ತಾಗಿದ ಆಕಾರಗಳು, ಹಾಯ್ದು ಹೋಗುವ ಅಲೆಗೆರೆಗಳು, ಹೀಗೆ. ಮಗು ಅದನ್ನು ನೋಡಿ ಬಿಳಿ ಹಾಳೆಯ ಮೇಲೆ ಬರೆಯಬೇಕು. ಇದೊಂದರಿಂದಲೇ ಸ್ಕಿಜೋಫ್ರೇನಿಯಾ ಅಂತ ಯಾರೂ ಹೇಳಲು ಆಗುವುದಿಲ್ಲ. ನೋಡುವುದಕ್ಕೂ ಕೈಯಲ್ಲಿ ಬರೆಯುವುದಕ್ಕೂ ಹೊಂದಾಣಿಕೆ ಹೇಗಿದೆ ಅನ್ನುವ ಅಂದಾಜು ಸಿಗುತ್ತದೆ. ಮನಶ್ಶಾಸ್ತ್ರಜ್ಞರು ಮಗುವಿಗೆ ಗೆರೆ ಎಳೆಯಲು ಹೇಳಿದರೆ ಅದು ಕಾಲಹರಣ ಅಂತ ಅಂದುಕೊಳ್ಳಬೇಡಿ.

ಮುಖ ನೋಡಿ ಭಾವನೆ ತಿಳಿಯುವುದರಲ್ಲಿ ಆಗುವ ತೊಡಕು ಮನೆಯೊಳಗೆ ಅತಿ ಹೆಚ್ಚು ನೋವು ಕೊಡುತ್ತದೆ. ಭಯ, ದುಃಖದಂಥ ಭಾವನೆಗಳನ್ನು ಗುರುತಿಸುವುದು ಈ ಮಕ್ಕಳಿಗೆ ಕಷ್ಟ. ಸುಮ್ಮನಿದ್ದ ಮುಖವೂ ಬೆದರಿಸುವ ಹಾಗೆ ಕಾಣಬಹುದು. ಅಪ್ಪ ಅಡಿಕೆ ರೇಟಿನ ಚಿಂತೆಯಲ್ಲಿ ಹುಬ್ಬು ಗಂಟಿಕ್ಕಿ ಕೂತರೆ ಮಗುವಿಗೆ ತನ್ನ ಮೇಲೆ ಕೋಪ ಅಂತ ಅನ್ನಿಸುತ್ತದೆ. ಅನುಮಾನಗಳಿಗೆ ಇಲ್ಲಿಂದಲೂ ನೀರು ಸಿಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಇದ್ದದ್ದು ಬೇರೆ ಥರ ಕಾಣುವ ವಿಷಯ. ಇಲ್ಲದ್ದು ಕಾಣುವುದು ಬೇರೆ. ದೊಡ್ಡವರಲ್ಲಿ ದನಿ ಕೇಳಿಸುವುದೇ ಹೆಚ್ಚು. ಮಕ್ಕಳಲ್ಲಿ ಕಣ್ಣಿಗೆ ಕಾಣಿಸಿಕೊಳ್ಳುವುದೂ ಬಹಳ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 13 ವರ್ಷದೊಳಗೆ ಕಾಯಿಲೆ ಶುರುವಾದ 117 ಜನರ ದಾಖಲೆ ನೋಡಿ 2011ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು ಶೇ. 80ರಷ್ಟು ಜನರಿಗೆ ಇಲ್ಲದ ಆಕೃತಿಗಳು ಕಾಣುತ್ತಿದ್ದವು.

ನಮ್ಮ ಕಡೆ ಮಗುವೊಂದು "ಬಾವಿಕಟ್ಟೆ ಹತ್ರ ಯಾರೋ ನಿಂತಿದಾರೆ" ಅಂದರೆ ಮೊದಲು ಬರುವ ಮಾತು "ಚೌಡಿ ಕಾಟ" ಅಥವಾ "ಗಾಳಿ ಸೋಕಿದೆ". ನೋಟ ಹೇಳುವವರ ಹತ್ತಿರ ಕೇಳಿಸುತ್ತಾರೆ, ಅಂತ್ರ (ತಾಯಿತ) ಕಟ್ಟಿಸುತ್ತಾರೆ. ಹೆದರಿದ ಮನೆಯವರು ದೇವರ ಹತ್ತಿರ ಹೋಗುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಅಂತ್ರ ಕಟ್ಟಿಸಿ. ಅದೇ ವಾರ ಆಸ್ಪತ್ರೆಗೂ ಹೋಗಿ. ಒಂದು ಮಳೆಗಾಲ ಮುಗಿಯಲಿ, ಹಬ್ಬ ಮುಗಿಯಲಿ ಅಂತ ಕಾಯುವುದು ಬೇಡ. ಹೊಡೆದು ಬಡಿದು ಗಾಳಿ ಬಿಡಿಸುತ್ತೇನೆ ಅನ್ನುವವರ ಕೈಗಂತೂ ಮಗುವನ್ನು ಕೊಡಲೇಬಾರದು.

ಆಸ್ಪತ್ರೆಗೆ ಬೇಗ ಹೋಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮಗುವಿಗೆ ಇಲ್ಲದ್ದು ಕಂಡರೆ ಅದು ಸ್ಕಿಜೋಫ್ರೇನಿಯಾ ಆಗಿರುವುದಕ್ಕಿಂತ ಬೇರೆ ಏನಾದರೂ ಆಗಿರುವ ಸಾಧ್ಯತೆಯೇ ಜಾಸ್ತಿ. ಜೋರು ಜ್ವರದಲ್ಲಿ ಹೀಗಾಗುತ್ತದೆ. ಮಂಗನ ಕಾಯಿಲೆ ಅನ್ನುವ ಜ್ವರವೂ ಇದೆ. ಅದು ಮೊದಲು ಪತ್ತೆಯಾದದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದರಲ್ಲಿ ಕೆಲವರಿಗೆ ಜ್ವರ ಇಳಿದು ಮೂರನೇ ವಾರದ ಹೊತ್ತಿಗೆ ಮತ್ತೆ ಬರುತ್ತದೆ. ಆಗ ತೀವ್ರ ತಲೆನೋವು, ನಡುಕ, ಮನಸ್ಸಿನ ಏರುಪೇರು, ದೃಷ್ಟಿಯ ತೊಂದರೆ ಕಾಣಿಸಬಹುದು. ಉಮ್ಮತ್ತಿ ಕಾಯಿ ತಿಂದ ಮಗುವಿಗೂ ಇಲ್ಲದ್ದೆಲ್ಲ ಕಾಣುತ್ತದೆ, ಕಣ್ಣಿನ ಪಾಪೆ ದೊಡ್ಡದಾಗಿ ಅರಳಿರುತ್ತದೆ. ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಸಂದರ್ಭ. ಮೈಗ್ರೇನ್ ಇರುವ ಮಕ್ಕಳಿಗೆ ವಸ್ತುಗಳು ಚಿಕ್ಕದಾಗಿ, ದೊಡ್ಡದಾಗಿ, ಅಂಕುಡೊಂಕಾಗಿ ಕಾಣಬಹುದು. ಮೂರ್ಛೆ ರೋಗದ ಕೆಲವು ಬಗೆಗಳಲ್ಲಿ ಬಣ್ಣದ ಚಕ್ರಗಳು ಕಾಣುತ್ತವೆ. ನಿದ್ದೆ ಹತ್ತುವ ಹೊತ್ತಿನಲ್ಲಿ ಏನೋ ಕಂಡು ಬೆಚ್ಚುವುದು ಆರೋಗ್ಯವಂತ ಮಕ್ಕಳಲ್ಲೂ ಇದೆ. ಪುಟ್ಟ ಮಕ್ಕಳು ಕಾಣದ ಗೆಳೆಯನ ಜೊತೆ ಆಟ ಆಡುವುದಂತೂ ಕಾಯಿಲೆಯೇ ಅಲ್ಲ.

ಇನ್ನೊಂದು ಕುತೂಹಲದ ಸಂಗತಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1980ರಿಂದ 2001ರವರೆಗೆ ಹುಟ್ಟಿದ ಸುಮಾರು 4,68,000 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದರು. ಅವರಲ್ಲಿ 1,870 ಮಂದಿಗೆ ಮುಂದೆ ಸ್ಕಿಜೋಫ್ರೇನಿಯಾ ಬಂದಿತ್ತು. ಮಿದುಳಿನ ದೃಷ್ಟಿ ಭಾಗದ ತೊಂದರೆಯಿಂದ ಕುರುಡಾದ ಮಕ್ಕಳು 66. ಅವರಲ್ಲಿ ಒಬ್ಬರಿಗೂ ಬಂದಿರಲಿಲ್ಲ. 66 ಸಣ್ಣ ಸಂಖ್ಯೆ, ಅದರ ಮೇಲೆ ಸಿದ್ಧಾಂತ ಕಟ್ಟಲು ಆಗುವುದಿಲ್ಲ. ಆದರೂ ನೋಟಕ್ಕೂ ಈ ಕಾಯಿಲೆಗೂ ಇರುವ ನಂಟು ಆಳದ್ದು ಅನ್ನುವ ಯೋಚನೆಗೆ ಇದರಿಂದ ಬಲ ಬಂದಿದೆ.

ಚಿಕಿತ್ಸೆ ಶುರುವಾದ ಮೇಲೂ ಕಣ್ಣಿನ ಕಡೆ ಗಮನ ಇರಬೇಕು. ಕೆಲವು ಮಾತ್ರೆಗಳಿಂದ, ಅದರಲ್ಲೂ ಕೈಕಾಲು ಬಿಗಿತ ತಪ್ಪಿಸಲು ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಿಂದ, ಹತ್ತಿರದ ಅಕ್ಷರ ಮಂಜಾಗಬಹುದು, ಬಾಯಿ ಒಣಗಬಹುದು. ಇನ್ನೊಂದು ಅಡ್ಡಪರಿಣಾಮ ನೋಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಔಷಧಿ ಶುರು ಮಾಡಿದ ಅಥವಾ ಜಾಸ್ತಿ ಮಾಡಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು ಹಾಗೇ ನಿಂತುಬಿಡುತ್ತದೆ, ಕುತ್ತಿಗೆ ಒಂದು ಕಡೆ ತಿರುಚುತ್ತದೆ. ಮಗುವಿಗೆ ಎಚ್ಚರ ಇರುತ್ತದೆ, ಕಣ್ಣು ಕೆಳಗೆ ತರಲು ಆಗುವುದಿಲ್ಲ. ಮೈಮೇಲೆ ಬಂತು ಅಂತ ಮನೆಯವರು ಅಂದುಕೊಳ್ಳುವುದು ಇಂಥ ಹೊತ್ತಿನಲ್ಲೇ. ಇದು ಮಾತ್ರೆಯಿಂದ ಆದದ್ದು. ಹತ್ತಿರದ ಆಸ್ಪತ್ರೆಗೆ ಮಾತ್ರೆ ಚೀಟಿ ಸಮೇತ ಕರೆದುಕೊಂಡು ಹೋದರೆ ಇಂಜೆಕ್ಷನ್ ಕೊಡುತ್ತಾರೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ. ಹೆದರಿ ಮಾತ್ರೆ ಪೂರ್ತಿ ನಿಲ್ಲಿಸಿಬಿಡಬೇಡಿ. ವೈದ್ಯರು ಡೋಸ್ ಅಥವಾ ಔಷಧಿ ಬದಲಾಯಿಸುತ್ತಾರೆ.

ಔಷಧಿ ಭ್ರಮೆಗಳನ್ನು ಇಳಿಸಿದರೂ ನೋಟದ ಜೋಡಣೆಯ ತೊಂದರೆ ಅಷ್ಟಿಷ್ಟು ಉಳಿದುಕೊಳ್ಳಬಹುದು. ಅಲ್ಲಿ ಶಾಲೆ ಮತ್ತು ಮನೆ ಕೈ ಹಿಡಿಯಬೇಕು. ಬೋರ್ಡಿನಿಂದ ಕಾಪಿ ಮಾಡಿಸುವ ಬದಲು ಬರೆದ ನೋಟ್ಸ್ ಕೊಡಿ. ಪುಟಕ್ಕೆ ಹತ್ತು ಲೆಕ್ಕ ತುಂಬಿಸಬೇಡಿ, ಎರಡು ಇರಲಿ. ಓದುವಾಗ ಕೆಳಗಿನ ಸಾಲುಗಳನ್ನು ಒಂದು ದಪ್ಪ ಕಾಗದದಿಂದ ಮುಚ್ಚಿಕೊಳ್ಳಲು ಕಲಿಸಿ. ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ಕೂರಿಸಿ. ಮನೆಯಲ್ಲಿ ಮುಖದಲ್ಲಿ ಹೇಳುವುದನ್ನು ಬಾಯಲ್ಲಿ ಹೇಳಿ: "ನಂಗೆ ಸುಸ್ತಾಗಿದೆ ಅಪ್ಪಿ, ನಿನ್ ಮೇಲೆ ಸಿಟ್ಟಿಲ್ಲ." ಮಗು ಇಲ್ಲದ್ದು ಕಂಡಿತು ಅಂದಾಗ ಹೌದು ಅಂತ ಒಪ್ಪುವುದೂ ಬೇಡ, ಸುಳ್ಳು ಅಂತ ಜಗಳವೂ ಬೇಡ. "ನಂಗೆ ಕಾಣ್ತಿಲ್ಲ, ನಿಂಗೆ ಕಾಣ್ತಿದೆ ಅಂತ ಗೊತ್ತು, ನಾನಿಲ್ಲೇ ಇದೀನಿ" ಅಂದರೆ ಸಾಕು. ಘಾಟಿ ರಸ್ತೆಯ ತಿರುವಿನಲ್ಲಿ ಬರುವ ಬಸ್ಸಿನ ವೇಗ ಅಂದಾಜು ಮಾಡುವುದು ಈ ಮಗುವಿಗೆ ಕಷ್ಟವಾಗಬಹುದು, ಒಬ್ಬನೇ ದಾಟಲು ಬಿಡಬೇಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಹಾಗಾಗಿ ಶಾಲೆಯಲ್ಲಿ ಇಂಥ ಅನುಕೂಲ ಕೇಳುವಾಗ ಸಂಕೋಚ ಪಡಬೇಕಾಗಿಲ್ಲ.

ಶಿವಮೊಗ್ಗ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಒಳ್ಳೆಯ ಪರಂಪರೆ ಇದೆ. ಮನೋವೈದ್ಯ ಕಟೀಲು ಅಶೋಕ್ ಪೈ ಅವರು ಇಲ್ಲೇ ಇದ್ದುಕೊಂಡು ದಶಕಗಳ ಕಾಲ ಮಾನಸಿಕ ಕಾಯಿಲೆಗಳ ಬಗ್ಗೆ ಜನರ ಜೊತೆ ಮಾತಾಡಿದರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ವೈದ್ಯರು ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಹುಡುಕಿ ಚಿಕಿತ್ಸೆ ಕೊಡಿಸುವ ಕೆಲಸ ಶುರು ಮಾಡಿದರು. ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು, ಪಡೆಯದವರಿಗಿಂತ ಎದ್ದು ಕಾಣುವಷ್ಟು ಸುಧಾರಿಸಿದ್ದನ್ನು ದಾಖಲಿಸಿದರು. ದೊಡ್ಡ ಊರಿಗೆ ಹೋಗದೆಯೂ ಇದು ಆಗುತ್ತದೆ ಅನ್ನುವುದಕ್ಕೆ ತೀರ್ಥಹಳ್ಳಿಯೇ ಉದಾಹರಣೆ.

ಮಗುವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಬಹುದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ತಜ್ಞರು ಬರುವ ವ್ಯವಸ್ಥೆ ಇದೆ. ಹೊರಡುವ ಮುಂಚೆ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿಕೊಳ್ಳಿ. ಮಳೆಗೆ ರಸ್ತೆ ಬಂದ್ ಆಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯರ ಮುಂದೆ "ಮಗು ಸರಿ ಇಲ್ಲ" ಅಂತಷ್ಟೇ ಹೇಳಬೇಡಿ. ಯಾವಾಗಿನಿಂದ ಬದಲಾವಣೆ, ಯಾವ ಬೆಳಕಿನಲ್ಲಿ ಜಾಸ್ತಿ, ಜ್ವರ ಬಂದಿತ್ತಾ, ತಲೆನೋವು ಇದೆಯಾ, ನಿದ್ದೆ ಹೇಗಿದೆ, ಮಗು ತನ್ನ ಮಾತಿನಲ್ಲಿ ಏನು ಹೇಳಿತು, ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೊತೆಗೆ ಕಣ್ಣಿನ ಡಾಕ್ಟರರ ಹತ್ತಿರವೂ ಒಮ್ಮೆ ತೋರಿಸಿ. ಪವರ್ ತೊಂದರೆಯೂ ಸೇರಿಕೊಂಡಿದ್ದರೆ ಅದಕ್ಕೆ ಕನ್ನಡಕ ಸಿಗುತ್ತದೆ, ಮಗುವಿನ ಅಷ್ಟು ಭಾರ ಅಲ್ಲೇ ಇಳಿಯುತ್ತದೆ.